ಬಸ್ತಿಹಳ್ಳಿಯ ಕಂಬ, ತುಮಕೂರಿನ ವಾಚು

ಹಳೇಬೀಡಿಗೆ ಬಂದವರೆಲ್ಲ ಹೊಯ್ಸಳೇಶ್ವರನನ್ನು ನೋಡುತ್ತಾರೆ. ಅಲ್ಲಿಂದ ನಡೆದೇ ಹೋಗಬಹುದಾದ ಬಸ್ತಿಹಳ್ಳಿಯ ಕಡೆ ತಲೆ ಹಾಕುವವರು ತೀರ ಕಡಿಮೆ. ಅಲ್ಲಿನ ಪಾರ್ಶ್ವನಾಥ ಬಸದಿಯ ಹೊರಗೋಡೆ ಬೋಳು. ಆನೆ, ಕುದುರೆ, ಮಕರಗಳ ಸಾಲಿಲ್ಲ. ಫೋಟೊ ತೆಗೆಯುವವರಿಗೆ ನಿರಾಸೆ. ಆದರೆ ಒಳಗೆ ಕಾಲಿಟ್ಟು, ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ನವರಂಗದ ಕಂಬಗಳನ್ನು ನೋಡಬೇಕು. ಬಾಗಿಲ ಬೆಳಕು ಬೀಳುವ ಕಡೆ ನಿಂತು ಕೈ ಆಡಿಸಿದರೆ ಕಂಬದೊಳಗೂ ಒಂದು ಕೈ ಆಡುತ್ತದೆ. ಕಲ್ಲು ಕನ್ನಡಿಯಾಗುವಷ್ಟು ನಯ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಇದು.

ನಯಕ್ಕಿಂತ ನನಗೆ ಹೆಚ್ಚು ಅಚ್ಚರಿ ಅನ್ನಿಸುವುದು ಕಂಬದ ಸುತ್ತಳತೆ. ಕೆಳಗಿನಿಂದ ಮೇಲಿನವರೆಗೆ ಒಂದರ ಮೇಲೊಂದು ಬಳೆಗಳು, ನಡುವೆ ಕುತ್ತಿಗೆಯಂತೆ ಸಣ್ಣಗಾದ ಜಾಗ, ಮತ್ತೆ ಗಂಟೆಯ ಹಾಗೆ ಅಗಲ. ಒಂದೊಂದು ಬಳೆಯ ಅಂಚೂ ಚೂಪು. ಬೆರಳನ್ನು ಸುತ್ತ ಆಡಿಸಿಕೊಂಡು ಬಂದರೆ ಎಲ್ಲೂ ಏರಿಲ್ಲ, ಇಳಿತವಿಲ್ಲ. ಬರೀ ಸುತ್ತಿಗೆ ಉಳಿಯಲ್ಲಿ ಹೊಡೆದರೆ ಹೀಗೆ ಬರುವುದಿಲ್ಲ. ಕಲ್ಲನ್ನು ನಡು ಅಚ್ಚಿನ ಮೇಲೆ ತಿರುಗಿಸುತ್ತ, ಉಳಿಯನ್ನು ಕದಲದಂತೆ ಒತ್ತಿ ಹಿಡಿದು ಕಡೆದದ್ದು ಎಂದೇ ಕಲಾ ಇತಿಹಾಸಕಾರರು ಬಹುಮಟ್ಟಿಗೆ ಒಪ್ಪಿದ್ದಾರೆ. ಬೇಲೂರಿನ ಚೆನ್ನಕೇಶವನ ನವರಂಗದಲ್ಲೂ, ಅರಸೀಕೆರೆಯ ಶಿವಾಲಯದ ನಕ್ಷತ್ರಾಕಾರದ ತೆರೆದ ಮಂಟಪದಲ್ಲೂ ಇದೇ ಕೈಚಳಕ. ಬಳಪದ ಕಲ್ಲು ಗಣಿಯಿಂದ ಹೊರಬಂದಾಗ ಮೆದು, ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿ; ಅದು ಅವರಿಗೆ ಒದಗಿ ಬಂತು. ಆದರೂ ಆಳೆತ್ತರದ ಕಲ್ಲನ್ನು ಅಚ್ಚು ತಪ್ಪದಂತೆ ತಿರುಗಿಸಿದ್ದು ಲೇತ್ ಮೆಷಿನ್ನೇ. ಹೆಸರು ಏನು ಬೇಕಾದರೂ ಇಟ್ಟುಕೊಳ್ಳಿ.

ಈ ಲೇಖನ ವಾಚಿನ ಬಗ್ಗೆ. ಕಂಬದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ವಾಚಿನ ಒಳಗಿರುವುದರಲ್ಲಿ ಬಹಳಷ್ಟು ತಿರುಗಿಸಿ ಕಡೆದ ಸಾಮಾನೇ. ಬ್ಯಾಲೆನ್ಸ್ ಚಕ್ರ ನಿಂತಿರುವ ಅಚ್ಚಿನ ತುದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ತಲೆಗೂದಲಿಗಿಂತ ತುಸು ದಪ್ಪ. ಲೇತ್ ಇಲ್ಲದೆ ವಾಚಿಲ್ಲ. ನಮ್ಮ ಎಚ್ಎಂಟಿ ಕೂಡ ವಾಚಿನಿಂದ ಹುಟ್ಟಿದ್ದಲ್ಲ, ಲೇತಿನಿಂದ ಹುಟ್ಟಿದ್ದು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದಾಗ ಮಾಡಹೊರಟಿದ್ದು ಯಂತ್ರ ಮಾಡುವ ಯಂತ್ರಗಳನ್ನು. ಅದಕ್ಕೆ ತಾಂತ್ರಿಕ ನೆರವು ಕೊಟ್ಟದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ. ಲೇತ್ ಕಲಿಸಲು ಸ್ವಿಸ್ಸರು ಬಂದರು. ವಾಚು ಕಲಿಸಿದ್ದು ಮಾತ್ರ ಜಪಾನಿನವರು, ಸಿಟಿಜನ್ ಕಂಪನಿ.

ವಾಚೆಂದರೆ ಸ್ವಿಸ್ ಎನ್ನುತ್ತಿದ್ದ ಕಾಲದಲ್ಲಿ ನಾವು ಜಪಾನಿಗೇಕೆ ಹೋದೆವು? ಸ್ವಿಸ್ ವಾಚು ಉದ್ಯಮ ಆಗ ಬಾಗಿಲು ಹಾಕಿಕೊಂಡು ಕೂತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಂಗೆಟ್ಟ ಆ ದೇಶ 1934ರಲ್ಲಿ ಕಾನೂನು ಮಾಡಿ, ವಾಚಿನ ಬಿಡಿಭಾಗಗಳೂ ವಾಚು ಮಾಡುವ ಯಂತ್ರಗಳೂ ಪರವಾನಗಿ ಇಲ್ಲದೆ ಹೊರಗೆ ಹೋಗದಂತೆ ಬಿಗಿಮಾಡಿತು. ಆ ಬಿಗಿ ಸಡಿಲವಾಗತೊಡಗಿದ್ದು 1961ರಿಂದ ಈಚೆಗೆ. ವಿದ್ಯೆ ಹೊರಗೆ ಹೋದರೆ ತಮ್ಮ ಹೊಟ್ಟೆಗೆ ಕಲ್ಲು ಎಂಬುದು ಅವರಿಗೆ ಗೊತ್ತಿತ್ತು. ಏಕೆಂದರೆ ಆ ವಿದ್ಯೆ ಇದ್ದದ್ದು ದೊಡ್ಡ ನಗರಗಳಲ್ಲಲ್ಲ, ಜೂರಾ ಬೆಟ್ಟಗಳ ಸಣ್ಣ ಸಣ್ಣ ಊರುಗಳಲ್ಲಿ.

ಅಂಥ ಒಂದು ಊರು ಸೇಂಟ್-ಇಮಿಯೆ. ಸೂಜ್ ಎಂಬ ಹೊಳೆಯ ಕಣಿವೆ, ಎರಡೂ ಕಡೆ ಬೆಟ್ಟ, ಜನಸಂಖ್ಯೆ ಐದು ಸಾವಿರದ ಆಸುಪಾಸು. ನಮ್ಮ ಹಳೇಬೀಡಿಗಿಂತಲೂ ಚಿಕ್ಕದು. ಅಂಥ ಊರಿನಿಂದ 1832ರಲ್ಲಿ ಮುಂದೆ ಲಾಂಜೀನ್ ಎಂದು ಹೆಸರಾದ ಸಂಸ್ಥೆ ಹುಟ್ಟಿತು, 1860ರಲ್ಲಿ ಹಾಯರ್, 1884ರಲ್ಲಿ ಬ್ರೈಟ್‌ಲಿಂಗ್. ಜಾಹೀರಾತಿನಲ್ಲಿ ನಾವು ನೋಡುವ ದುಬಾರಿ ಹೆಸರುಗಳಲ್ಲಿ ಮೂರು ಒಂದೇ ಬೀದಿಯವು ಅಂದರೂ ನಡೆದೀತು. ಅಲ್ಲಿ ವರ್ಷದ ಎಷ್ಟೋ ತಿಂಗಳು ಹಿಮ, ಹೊಲದಲ್ಲಿ ಕೆಲಸವಿಲ್ಲ. ರೈತನ ಮನೆಯ ಕಿಟಕಿ ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ಸಣ್ಣ ಲೇತು. ಒಬ್ಬರ ಮನೆಯಲ್ಲಿ ಹಲ್ಲಿನ ಚಕ್ರ, ಇನ್ನೊಬ್ಬರಲ್ಲಿ ತಿರುಪು, ಮತ್ತೊಬ್ಬರಲ್ಲಿ ಮುಳ್ಳು. ವ್ಯಾಪಾರಿ ಊರೂರು ಸುತ್ತಿ ಎಲ್ಲವನ್ನೂ ಕೂಡಿಹಾಕಿ ಜೋಡಿಸುತ್ತಿದ್ದ. 1867ರಲ್ಲಿ ಎರ್ನೆಸ್ಟ್ ಫ್ರಾಂಸಿಯೋಂ ಎಂಬಾತ ಹೊಳೆ ದಂಡೆಯ ಹುಲ್ಲುಗಾವಲಿನಲ್ಲಿ ಕಾರ್ಖಾನೆ ಕಟ್ಟಿ ಎಲ್ಲರನ್ನೂ ಒಂದೇ ಸೂರಿನಡಿ ತಂದ. 1874ರಲ್ಲಿ ರೈಲು ಬಂತು.

ಮನೆಯಲ್ಲೇ ಕೂತು ಮಾಡುವ ಕೆಲಸದಲ್ಲಿ ಯಜಮಾನನ ಗದರಿಕೆ ಇಲ್ಲ. ಕೈ ಕೆಲಸದಲ್ಲಿದ್ದರೂ ಬಾಯಿ, ತಲೆ ಎರಡೂ ಬಿಡುವು. ಹಾಗಾಗಿ ಅವರು ಓದುತ್ತಿದ್ದರು, ವಾದ ಮಾಡುತ್ತಿದ್ದರು. 1872ರ ಸೆಪ್ಟೆಂಬರಿನಲ್ಲಿ ಬಕುನಿನ್ ಮುಂತಾದವರು ಸೇರಿ ಅರಾಜಕತಾವಾದಿಗಳ ಅಂತರರಾಷ್ಟ್ರೀಯ ಸಮಾವೇಶ ನಡೆಸಿದ್ದು ಇದೇ ಸೇಂಟ್-ಇಮಿಯೆಯಲ್ಲಿ. ಅದೇ ವರ್ಷ ಆ ಸೀಮೆಗೆ ಬಂದ ರಷ್ಯದ ಕ್ರೊಪಾಟ್‌ಕಿನ್, ವಾಚು ಮಾಡುವವರ ಜೊತೆ ಕೆಲವು ದಿನ ಕಳೆದು ತನ್ನ ರಾಜಕೀಯ ನಂಬಿಕೆಯನ್ನೇ ಬದಲಿಸಿಕೊಂಡ. ಸಿರಿಲ್ ಶಾಯ್ಬ್ಲಿನ್ ನಿರ್ದೇಶಿಸಿದ ‘ಉನ್‌ರೂಯೆ’ ಎಂಬ 2022ರ ಸಿನಿಮಾದ ವಸ್ತು ಇದೇ. ಒಂದೇ ಊರಿನಲ್ಲಿ ಪುರಸಭೆಯ ಟೈಮು ಬೇರೆ, ಕಾರ್ಖಾನೆಯದು ಬೇರೆ, ರೈಲಿನದು ಬೇರೆ, ತಂತಿ ಕಚೇರಿಯದು ಬೇರೆ. ಜನ ಯಾವುದನ್ನು ನಂಬಬೇಕು ಎಂದು ಒದ್ದಾಡುತ್ತಾರೆ.

ಅರಸೀಕೆರೆಯವರಿಗೆ ಇದು ಹೊಸ ಕತೆಯಲ್ಲ. ಸದರ್ನ್ ಮರಾಠಾ ರೈಲ್ವೆ ಬೆಂಗಳೂರು–ಹರಿಹರ ಮಾರ್ಗವನ್ನು 1889ರಲ್ಲಿ ಪೂರ್ತಿ ಮಾಡಿದಾಗ ಅರಸೀಕೆರೆಗೆ ರೈಲು ಬಂತು. ಮುಂದೆ ಹಾಸನ, ಮೈಸೂರು ಕಡೆಯ ದಾರಿಯೂ ಸೇರಿ ಜಂಕ್ಷನ್ ಆಯಿತು. ರೈಲಿನ ಜೊತೆ ಬಂದ ಇನ್ನೊಂದು ಸರಕು ಮದರಾಸಿನ ಟೈಮು. ಆ ಕಾಲಕ್ಕೆ ನಮ್ಮ ರೈಲುಗಳು ಓಡುತ್ತಿದ್ದದ್ದು ಮದರಾಸಿನ ಗಡಿಯಾರದ ಪ್ರಕಾರ. ಅರಸೀಕೆರೆಯ ಸೂರ್ಯನಿಗಿಂತ ಅದು ಸುಮಾರು 16 ನಿಮಿಷ ಮುಂದೆ. ನೆರಳು ನೋಡಿಕೊಂಡು ಮಧ್ಯಾಹ್ನದ ರೈಲಿಗೆ ಹೊರಟವನಿಗೆ ರೈಲು ಸಿಗುತ್ತಿರಲಿಲ್ಲ. 1905-06ರಲ್ಲಿ ಇಡೀ ದೇಶಕ್ಕೆ ಒಂದೇ ಟೈಮು ಬಂದ ಮೇಲೆ ಅಂತರ ಇನ್ನೂ ಹೆಚ್ಚಿತು. ಇವತ್ತಿಗೂ ಸರಾಸರಿ ಲೆಕ್ಕದಲ್ಲಿ ಅರಸೀಕೆರೆಯ ನೆತ್ತಿಗೆ ಸೂರ್ಯ ಬರುವುದು ಗಡಿಯಾರ 12 ಗಂಟೆ 25 ನಿಮಿಷ ತೋರಿಸುವಾಗ.

ಅದಕ್ಕೂ ಮೊದಲು ಟೈಮು ಇರಲಿಲ್ಲವೆಂದಲ್ಲ. ಹೊಯ್ಸಳರ ಶಾಸನಗಳನ್ನು ನೋಡಿ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಗ್ರಹಣ ಬಿದ್ದಿದ್ದರೆ ಅದೂ, ಸಂಕ್ರಮಣವಾಗಿದ್ದರೆ ಅದೂ. ಒಂದು ಗದ್ದೆ ದಾನ ಕೊಡಲು ಅಷ್ಟು ಲೆಕ್ಕಾಚಾರ. ಮುಹೂರ್ತ ನೋಡಲು ಗಳಿಗೆ ಬಟ್ಟಲಿತ್ತು: ತಳದಲ್ಲಿ ಸೂಜಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ, ಅಂದರೆ 24 ನಿಮಿಷ. ಆದರೆ ಅದು ಊರಿನ ಟೈಮು, ದೇವಸ್ಥಾನದ ಟೈಮು. ಒಬ್ಬೊಬ್ಬರ ಮಣಿಕಟ್ಟಿಗೂ ಒಂದೊಂದು ಟೈಮು ಬೇಕಾದದ್ದು ರೈಲು, ಕೋರ್ಟು, ಸ್ಕೂಲು ಬಂದ ಮೇಲೆ.

ಮೊದಲು ಬಂದವು ಸ್ವಿಸ್ ವಾಚುಗಳೇ. ಸೇಂಟ್-ಇಮಿಯೆಯ ಬೇರಿನ ವೆಸ್ಟ್ ಎಂಡ್ ಕಂಪನಿ ಬೊಂಬಾಯಿ, ಕಲ್ಕತ್ತೆಗಳಲ್ಲಿ ಅಂಗಡಿ ಇಟ್ಟು ರೈಲ್ವೆಗೂ ಸೈನ್ಯಕ್ಕೂ ವಾಚು ಪೂರೈಸುತ್ತಿತ್ತು. ಅದರ ‘ಸೋವಾರ್ ಪ್ರೈಮಾ’ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಈಗಲೂ ಸಿಕ್ಕೀತು. ಲೆ ಲೋಕ್ಲ್ ಎಂಬ ಇನ್ನೊಂದು ಜೂರಾ ಊರಿನ ಫಾವ್ರ್-ಲೂಬಾ ಬಂತು. ಕೊಬ್ಬರಿ ಮಂಡಿಯ ಸಾಹುಕಾರರು, ವಕೀಲರು, ಸ್ಟೇಷನ್ ಮಾಸ್ತರರು ಕಟ್ಟಿಕೊಂಡರು. ಉಳಿದವರು ರೈಲಿನ ಕೂಗು ಕೇಳಿ ಕೈಕಾಲು ತೊಳೆದರು.

ಆ ಉಳಿದವರ ಕೈಗೆ ವಾಚು ಬಂದದ್ದು 1961ರಿಂದ. ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯ ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಹೆಂಗಸರಿಗೆ ‘ಸುಜಾತಾ’ ಬಂತು, ಆಮೇಲೆ ‘ಜನತಾ’, ‘ಪೈಲಟ್’, ‘ಕೊಹಿನೂರ್’, ‘ಕಾಂಚನ್’. ದೃಷ್ಟಿ ಇಲ್ಲದವರಿಗೆ ಮುಚ್ಚಳ ತೆರೆದು ಮುಳ್ಳು ಮುಟ್ಟಿ ನೋಡುವ ಬ್ರೈಲ್ ವಾಚು. ಬೇಡಿಕೆ ಎಷ್ಟಿತ್ತೆಂದರೆ 1972ರಲ್ಲಿ ಬೆಂಗಳೂರಿನಲ್ಲೇ ಎರಡನೇ ಫ್ಯಾಕ್ಟರಿ, 1975ರಲ್ಲಿ ಶ್ರೀನಗರದಲ್ಲಿ ಮೂರನೆಯದು, 1978ರಲ್ಲಿ ತುಮಕೂರಿನಲ್ಲಿ ನಾಲ್ಕನೆಯದು. ಕೊನೆಗೆ ಲೆಕ್ಕ ಹಾಕಿದಾಗ ಎಚ್ಎಂಟಿ ಮಾಡಿದ ವಾಚುಗಳ ಸಂಖ್ಯೆ 10 ಕೋಟಿ ದಾಟಿತ್ತು.

ನಮ್ಮ ಸೀಮೆಗೆ ಹತ್ತಿರದ್ದು ತುಮಕೂರು. ಬಿ.ಎಚ್. ರಸ್ತೆ ಹಿಡಿದರೆ ಗುಬ್ಬಿ, ತಿಪಟೂರು ದಾಟಿ ಅರಸೀಕೆರೆ. ರೈಲಿನಲ್ಲಾದರೆ ನೂರು ಕಿಲೋಮೀಟರಿಗೂ ಕಡಿಮೆ. ‘ಎಚ್ಎಂಟಿಯಲ್ಲಿ ಕೆಲಸ’ ಎಂಬ ಎರಡು ಪದಕ್ಕೆ ಆಗಿನ ಹೆಣ್ಣು ಕೊಡುವವರ ಮನೆಯಲ್ಲಿದ್ದ ತೂಕ ಈಗ ಯಾವ ಸಾಫ್ಟ್‌ವೇರ್ ಕೆಲಸಕ್ಕೂ ಇಲ್ಲ ಎಂದು ಹಳಬರು ಹೇಳುತ್ತಾರೆ. ಕಂಪನಿ ಬಸ್ಸು, ಕ್ಯಾಂಟೀನು, ಕ್ವಾರ್ಟರ್ಸು, ಸೈರನ್ನು. ಜೋಡಣೆ ವಿಭಾಗದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೂ ಕಟ್ಟಿ, ರಂಗೋಲಿ ಎಳೆದು ಪಳಗಿದ ಬೆರಳಿಗೆ ಚಿಮಟ ಕೊಟ್ಟರು ಎಂದು ಕವಿತೆ ಕಟ್ಟುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬೆರಳು ಪಳಗಿದ್ದು ತಿಂಗಳುಗಟ್ಟಲೆ ತರಬೇತಿಯಲ್ಲಿ, ರಂಗೋಲಿಯಲ್ಲಲ್ಲ.

ಹಳ್ಳಿ ಕಡೆ ವಾಚೆಂದರೆ ಮದುವೆಯ ಮಾತುಕತೆಯಲ್ಲೊಂದು ಐಟಮ್ಮು. ಸೂಟು, ಸೈಕಲ್ಲು, ವಾಚು. ಚಿನ್ನದ ಬಣ್ಣದ ‘ಕಾಂಚನ್’ ಬೇಕೆಂದು ಬೀಗರು ಪಟ್ಟು ಹಿಡಿದರೆ ಹೆಣ್ಣಿನ ತಂದೆ ಬೆಂಗಳೂರಿನಲ್ಲಿ ಯಾರ ಪರಿಚಯ ಉಂಟೆಂದು ಹುಡುಕಬೇಕು, ಮೇಲೆ ಒಂದಿಷ್ಟು ಕೊಡಬೇಕು. ಅಳಿಯಂದಿರು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ವಾಚಿಗೆ ಕೀ ಕೊಡುತ್ತಿದ್ದರು. ಡಯಲ್ಲಿನ ಮೇಲೆ ‘17 ಜ್ಯುವೆಲ್ಸ್’ ಎಂದಿದ್ದನ್ನು ಓದಿ, ಒಳಗೆ ಹದಿನೇಳು ಮಾಣಿಕ್ಯವಿದೆ, ಕಷ್ಟಕ್ಕೆ ಅಡವಿಡಬಹುದು ಎಂದು ನಂಬಿದ್ದವರೂ ಇದ್ದರು. ಮಾಣಿಕ್ಯ ನಿಜವೇ. ಆದರೆ ಕುಲುಮೆಯಲ್ಲಿ ಪುಡಿ ಕರಗಿಸಿ ಮಾಡಿದ್ದು, ಅಚ್ಚು ಸವೆಯದೆ ತಿರುಗಲೆಂದು ಕೂರಿಸಿದ್ದು, ಬೆಲೆ ಪುಡಿಗಾಸು.

ಆ ಜನತಾ ವಾಚಿನ ಒಳಗೊಮ್ಮೆ ಇಣುಕಬೇಕು. ಪೇಟೆಗಳಲ್ಲಿ ಇನ್ನೂ ಉಳಿದಿರುವ ವಾಚ್ ರಿಪೇರಿಯವರ ಗಾಜಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಕಣ್ಣಿಗೆ ಐಗ್ಲಾಸು ಸಿಕ್ಕಿಸಿಕೊಂಡು, ಚೂರಿಯ ತುದಿಯಿಂದ ಹಿಂದಿನ ಮುಚ್ಚಳ ಎಬ್ಬಿಸುತ್ತಾರೆ. ಮೊದಲು ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಬಿಡಬೇಕು. ಅವಸರಪಟ್ಟರೆ ಹಲ್ಲು ಮುರಿಯುತ್ತದೆ. ಆಮೇಲೆ ಮುಳ್ಳು, ಡಯಲ್ಲು, ಬ್ಯಾಲೆನ್ಸು, ಒಂದೊಂದೇ ಚಕ್ರ. ಎಲ್ಲವನ್ನೂ ಬಟ್ಟಲಿನ ಪೆಟ್ರೋಲಿಗೆ ಹಾಕಿ ಬ್ರಷ್ಷಿನಲ್ಲಿ ತೊಳೆದು, ಕಡ್ಡಿಯ ತುದಿಯನ್ನು ಚೂಪು ಮಾಡಿ ಹರಳಿನ ತೂತುಗಳಲ್ಲಿ ತಿರುಗಿಸಿ ಕೊಳೆ ತೆಗೆಯುತ್ತಾರೆ. ಎಣ್ಣೆ ಹಾಕುವುದು ಸೂಜಿ ತುದಿಯಿಂದ. ಒಂದು ಹನಿ ಹೆಚ್ಚಾದರೂ ಧೂಳು ಕೂರುತ್ತದೆ, ಕಡಿಮೆಯಾದರೆ ಅಚ್ಚು ಸವೆಯುತ್ತದೆ. ಮತ್ತೆ ಜೋಡಿಸಿ ಕೊನೆಗೆ ಬ್ಯಾಲೆನ್ಸು ಇಟ್ಟು ತಿರುಪು ಬಿಗಿಯುವ ಮೊದಲೇ ಅದು ತಂತಾನೇ ಓಲಾಡಲು ಶುರು ಮಾಡುತ್ತದೆ. ಗಂಟೆಗೆ 18,000 ಸಲ; ಸೆಕೆಂಡಿಗೆ ಐದು ಟಿಕ್ಕು. “ಬಿಡಿ ಸಾರ್, ಇದು ಇನ್ನೂ ನಿಮ್ಮ ಮಗನ ಕಾಲಕ್ಕೂ ಓಡುತ್ತೆ” ಎಂಬ ಸರ್ಟಿಫಿಕೇಟು ಪುಕ್ಕಟೆ.

ಓಡುವುದು ಹೌದು. ಮಾರಾಟವಾಗುವುದು ನಿಂತಿತು. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೈಕೊ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಸ್ಪ್ರಿಂಗಿಲ್ಲ, ಕೀ ಕೊಡುವುದಿಲ್ಲ, ಸೆಲ್ಲು ಹಾಕಿದರೆ ಸಾಕು, ಟೈಮೂ ಹೆಚ್ಚು ಕರಾರುವಾಕ್ಕು. ಅದರ ಏಟಿಗೆ ಮೊದಲು ಸಿಕ್ಕಿದ್ದು ಜೂರಾ ಕಣಿವೆಗಳೇ. 1970ರಲ್ಲಿ ಸ್ವಿಸ್ ವಾಚು ಉದ್ಯಮದಲ್ಲಿದ್ದ ಸುಮಾರು 90,000 ಜನ, ಎಂಬತ್ತರ ದಶಕದ ನಡುವಿಗೆ 30,000ದ ಆಸುಪಾಸಿಗೆ ಇಳಿದರು. ಸೇಂಟ್-ಇಮಿಯೆಯಂಥ ಊರುಗಳಲ್ಲಿ ಮನೆ ಖಾಲಿಯಾದವು. ಬ್ಯಾಂಕುಗಳು ನಡುವೆ ಬಂದು 1983ರಲ್ಲಿ ದೊಡ್ಡ ಗುಂಪುಗಳನ್ನು ಒಂದುಗೂಡಿಸಿದವು, ಅದೇ ವರ್ಷ ಪ್ಲಾಸ್ಟಿಕ್ಕಿನ ಅಗ್ಗದ ಸ್ವಾಚ್ ಬಂತು. ಲಾಂಜೀನ್ ಇವತ್ತಿಗೂ ಅದೇ ಊರಿನಲ್ಲಿ, ಅದೇ ಹೊಳೆ ಪಕ್ಕದಲ್ಲಿದೆ.

ನಮ್ಮಲ್ಲಿ ಏಟು ಬಿದ್ದದ್ದು ಹೊಸೂರಿನಿಂದ. ಗಡಿ ದಾಟಿದರೆ ಸಿಗುವ, ಇಂದಿಗೂ ಕನ್ನಡ ಕಿವಿಗೆ ಬೀಳುವ ಆ ಊರಿನಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ 1984ರಲ್ಲಿ ಟೈಟನ್ ಕಟ್ಟಿದವು. 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಅದರ ಮೊದಲ ಶೋರೂಮು. ಅವರು ಮಾರಿದ್ದು ಕ್ವಾರ್ಟ್ಜ್, ಅದಕ್ಕಿಂತ ಹೆಚ್ಚಾಗಿ ಚಂದ. ಕೈ ಪಳಗಿದ ಎಚ್ಎಂಟಿಯವರು ಕೆಲವರು ಅಲ್ಲಿಗೇ ಹೋದರು. ಎಚ್ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲವೆಂದಲ್ಲ. ಟೈಟನ್‌ಗಿಂತ ಮೊದಲೇ ಮಾಡಿತ್ತು. ಆದರೆ ಕೀ ಕೊಡುವ ವಾಚನ್ನು ಜನ ಕ್ಯೂ ನಿಂತು ಕೊಳ್ಳುತ್ತಿದ್ದ ದಿನಗಳ ನೆನಪಿನಿಂದ ಅದು ಹೊರಬರಲಿಲ್ಲ. ಆಮೇಲಿನದು ಸಾಲ, ಸಂಬಳ ಬಾಕಿ, ಸ್ವಯಂ ನಿವೃತ್ತಿ, ಪುನಶ್ಚೇತನ ಪ್ಯಾಕೇಜು ಎಂಬ ಎಲ್ಲ ಸರ್ಕಾರಿ ಕಾರ್ಖಾನೆಗಳ ಕತೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಜಾಗ ಇಸ್ರೊ ಪಾಲಾಯಿತು. ಜಾಗಕ್ಕೆ ಒಳ್ಳೆಯ ಮನೆಯೇ ಸಿಕ್ಕಿತು ಎನ್ನಬೇಕು. ಆದರೆ ತುಮಕೂರಿನಲ್ಲಿ ವಾಚು ಮಾಡುವ ವಿದ್ಯೆ ಮುಗಿಯಿತು.

ಎರಡೂ ಕಡೆ ಒಂದೇ ಸಿಡಿಲು ಬಡಿಯಿತು. ಒಂದು ಕಡೆ ಮರ ಮತ್ತೆ ಚಿಗುರಿತು, ಇನ್ನೊಂದು ಕಡೆ ಬುಡವೇ ಹೋಯಿತು. ಸ್ವಿಸ್ಸರು ಜಾಣರು, ನಾವು ದಡ್ಡರು ಎಂಬ ವಿವರಣೆ ಸೋಮಾರಿತನದ್ದು. ಅವರನ್ನೂ ಕಾನೂನು ಕಾಪಾಡಿತ್ತು, ಬ್ಯಾಂಕು ಎತ್ತಿ ನಿಲ್ಲಿಸಿತು. ವ್ಯತ್ಯಾಸ ಬೇರೆ ಕಡೆ ಇದೆ. ಸೇಂಟ್-ಇಮಿಯೆಯಲ್ಲಿ ವಾಚು ಇಡೀ ಊರಿನ ಸ್ವತ್ತಾಗಿತ್ತು. 1860ರ ದಶಕದಲ್ಲೇ ಅಲ್ಲಿ ವಾಚು ಶಾಲೆ ಬಂತು. 1794ರಲ್ಲಿ ಸುಟ್ಟುಹೋದ ಪಕ್ಕದ ಲಾ ಷೋ-ದ-ಫೋಂ ಊರನ್ನು ಮತ್ತೆ ಕಟ್ಟಿದಾಗ ಬೀದಿಗಳನ್ನೇ ನೆಟ್ಟಗೆ ಎಳೆದು, ಕೆಲಸದ ಮೇಜುಗಳಿಗೆ ಬಿಸಿಲು ಬೀಳುವಂತೆ ಮನೆಗಳನ್ನು ಕೂರಿಸಿದರು. ಒಂದು ಕಂಪನಿ ಮುಳುಗಿದರೂ ಚಕ್ರ ಕಡೆಯುವವನ ಮನೆ, ತಿರುಪು ಮಾಡುವವನ ಮನೆ ಊರಲ್ಲೇ ಇರುತ್ತಿತ್ತು. ತುಮಕೂರಿನ ಫ್ಯಾಕ್ಟರಿ ಕಾಂಪೌಂಡಿನೊಳಗಿತ್ತು. ದೆಹಲಿಯ ಒಂದು ಕಡತದಿಂದ ಬಂತು, ಇನ್ನೊಂದು ಕಡತದಿಂದ ಹೋಯಿತು. ಅಷ್ಟು ವರ್ಷಗಳಲ್ಲಿ ಗೇಟಿನಾಚೆ ಬಿ.ಎಚ್. ರಸ್ತೆಯ ಊರುಗಳಲ್ಲಿ ಒಂದು ವಾಚಿನ ತಿರುಪು ಮಾಡುವ ಮನೆಯಾದರೂ ಎದ್ದಿದ್ದರೆ ಮಾತು ಬೇರೆಯಿತ್ತು.

ಇದು ನಮಗೆ ಎರಡನೇ ಸಲ ಎಂಬುದು ನನ್ನ ಅನುಮಾನ. ಬೇಲೂರಿನ ಮದನಿಕೆಯರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ರೂವಾರಿಗಳು ತಮ್ಮ ಕೆಲಸಕ್ಕೆ ಹೆಮ್ಮೆಯಿಂದ ಸಹಿ ಹಾಕಿದ ನಾಡು ಇದು. ಆದರೆ ಅವರ ಅನ್ನ ಇದ್ದದ್ದು ಅರಮನೆಯ, ದಂಡನಾಯಕರ ಕೈಯಲ್ಲಿ. 1311ರಲ್ಲಿ ಮಲ್ಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ ನುಗ್ಗಿತು, ಕೆಲವು ದಶಕಗಳಲ್ಲಿ ಹೊಯ್ಸಳರೇ ಇಲ್ಲವಾದರು. ಕಲ್ಲನ್ನು ಕನ್ನಡಿಯಾಗುವಂತೆ ಕಡೆಯುವ ಕೆಲಸಕ್ಕೆ ಕರೆಯುವವರಿಲ್ಲದಾಯಿತು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಲಾ ಷೋ-ದ-ಫೋಂ, ಲೆ ಲೋಕ್ಲ್ 2009ರಲ್ಲೇ ಸೇರಿದ್ದವು. ಅಲ್ಲಿ ಪರಂಪರೆ ನೋಡಲು ಹೋದವರು ವಾಚು ಮಾಡುವುದನ್ನೂ ನೋಡಿ, ದುಡ್ಡಿದ್ದರೆ ಕೊಂಡು ಬರುತ್ತಾರೆ. ಹಳೇಬೀಡಿನಲ್ಲಿ ಕಂಬ ನೋಡಬಹುದು, ಕಂಬ ಕಡೆಯುವವರನ್ನಲ್ಲ.

ಮುಚ್ಚಿದ ಮೇಲೆ ಎಚ್ಎಂಟಿಗೆ ಬೆಲೆ ಬಂತು. ಜಾಲಹಳ್ಳಿಯ ಹಳೆಯ ಆವರಣದಲ್ಲಿ 2019ರಲ್ಲಿ ಮ್ಯೂಸಿಯಂ ಆಯಿತು. ಸಂಗ್ರಹಕಾರರು ಹಳ್ಳಿ ಸಂತೆಗಳಲ್ಲೂ ಜನತಾ, ಪೈಲಟ್ ಹುಡುಕುತ್ತಿದ್ದಾರೆ. ರಿಪೇರಿಯವರಿಗೆ ಹೊಸ ಸ್ಪೇರು ಸಿಗುವುದು ಕಷ್ಟವಾದ್ದರಿಂದ, ಕೆಟ್ಟ ಎರಡು ವಾಚಿನಿಂದ ಓಡುವ ಒಂದು ವಾಚು ಹುಟ್ಟುತ್ತದೆ. ಅದು ಸರಿಯೇ. ಆದರೆ ಈಗ ಆನ್‌ಲೈನಿನಲ್ಲಿ ಕೆಂಪು, ಹಸಿರು, ನೀಲಿ ಡಯಲ್ಲಿನ ಫಳಫಳ ಹೊಳೆಯುವ ‘ಹಳೆಯ’ ಎಚ್ಎಂಟಿಗಳು ರಾಶಿ ರಾಶಿ ಬರುತ್ತಿವೆ. ಅವುಗಳಲ್ಲಿ ಬಹಳಷ್ಟರ ಡಯಲ್ಲಿಗೆ ಮೊನ್ನೆ ಮೊನ್ನೆ ಬಣ್ಣ ಹೊಡೆದದ್ದು, ಕೇಸು ಯಾವುದೋ, ಮುಳ್ಳು ಯಾವುದೋ. ಅಜ್ಜನ ವಾಚನ್ನು ಹೊಸದರಂತೆ ಮಾಡಿಕೊಡುತ್ತೇವೆಂದರೂ ಡಯಲ್ಲು ಮುಟ್ಟಿಸಬೇಡಿ. ಹಳದಿ ಕಟ್ಟಿದ್ದರೆ ಕಟ್ಟಿರಲಿ. ಕೊಳ್ಳುವುದಾದರೆ ಹಿಂದಿನ ಮುಚ್ಚಳ ತೆಗೆಸಿ ನೋಡಿ. ಬ್ಯಾಲೆನ್ಸ್ ಚಕ್ರದ ಕೆಳಗೆ, ತಳದ ಪ್ಲೇಟಿನ ಮೇಲೆ ಮೆಷಿನ್ನಿನ ನಂಬರು ಕೊರೆದಿರುತ್ತದೆ. ಜನತಾ ಆದರೆ ಅದು 0231 ಇರಬೇಕು.